ಸೂಟು ನೋಡಿದವರು, ಹಾಡು ಕೇಳಿದವರು

(ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಂದು ಆಲ್ಬಮ್ ಇಡಿಯಾಗಿ ಕೇಳುತ್ತೇವೆ. ಮುಂದಿನ ಸಲ ಸೇರಿದಾಗ ಅದರ ಬಗ್ಗೆ ಯಾರಾದರೊಬ್ಬರು ಮಾತಾಡುತ್ತಾರೆ. ನನ್ನ ಸರದಿ ಬಂದಾಗ ಆಡಿದ ಮಾತುಗಳಿವು. ಹೇಳುವಾಗ ಎಳೆದಾಡಿದ್ದನ್ನು ಇಲ್ಲಿ ಸ್ವಲ್ಪ ಕತ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಳೆದ ಸಲ ಇದೇ ಹಾಲಿನಲ್ಲಿ ಕೂತು ನಾವು ಕೇಳಿದ್ದು ಕೋಲ್ಕತ್ತಾದ ಪಾರೇಖ್ ಅಂಡ್ ಸಿಂಗ್ ಜೋಡಿಯ ಮೊದಲ ಆಲ್ಬಮ್ 'ಓಷನ್'. ಮುಗಿದ ಮೇಲೆ ಚೀಟಿ ಹಂಚಿದ್ದೆವು. ಅನಿಸಿದ್ದನ್ನು ಬರೆಯಿರಿ, ಹೆಸರು ಬೇಡ ಅಂದಿದ್ದೆವು. ಆ ಚೀಟಿಗಳು ಈಗ ನನ್ನ ಕೈಯಲ್ಲಿವೆ. ಒಬ್ಬರು 'ತುಂಬಾ ಹಿತವಾಗಿದೆ, ಮನೆಗೆ ಹೋಗಿ ಮತ್ತೆ ಕೇಳ್ತೀನಿ' ಅಂತ ಬರೆದಿದ್ದಾರೆ. ಇನ್ನೊಬ್ಬರು 'ಫ್ಯಾನ್ ಸರಿಯಾಗಿ ತಿರುಗಿದ್ದಿದ್ರೆ ನಿದ್ದೆ ಹೊಡೀತಿದ್ದೆ' ಅಂದಿದ್ದಾರೆ. 'ಹುಡುಗರು ಚಂದ, ಹಾಡು ಸಪ್ಪೆ' ಅಂತ ಒಂದು. 'ಬಂಗಾಳದವರಿಗೆ ಬಂಗಾಳಿ ಬರಲ್ವಾ?' ಅಂತ ಒಂದು. ಒಂದು ಚೀಟಿಯಲ್ಲಂತೂ ಬರೀ 'ಯಾಕೆ?' ಅಂತ ಇದೆ. ಆ ಪುಣ್ಯಾತ್ಮರು ಯಾರೋ, ಇವತ್ತೂ ಬಂದಿರಬಹುದು. ಬನ್ನಿ, ಕೂತ್ಕೊಳ್ಳಿ.

ಅಭಿಪ್ರಾಯ ಹೀಗೆ ಹರಿದು ಹಂಚಿಹೋಗಿದ್ದು ನನಗೆ ಖುಷಿಯೇ. ಎಲ್ಲರೂ 'ಸೂಪರ್' ಅಂತ ಬರೆದಿದ್ದರೆ ಇವತ್ತು ನನಗೆ ಕೆಲಸವೇ ಇರುತ್ತಿರಲಿಲ್ಲ. ಆದರೆ ಚೀಟಿಗಳನ್ನು ಓದುತ್ತಾ ಹೋದಾಗ ಒಂದು ವಿಷಯ ಗಮನಕ್ಕೆ ಬಂತು. ನಮ್ಮೂರಿನವರು ಬೆಣ್ಣೆ ದೋಸೆ ಬಗ್ಗೆ ಮಾತಾಡುವುದನ್ನು ಕೇಳಿದ್ದೀರಲ್ಲ? 'ಚೆನ್ನಾಗಿಲ್ಲ' ಅಂತ ಹೇಳಿ ಸುಮ್ಮನಾಗುವವರು ಇಲ್ಲಿ ಯಾರೂ ಇಲ್ಲ. ಹಂಚು ಕಾದಿಲ್ಲ, ಹಿಟ್ಟು ಹುಳಿ ಬಂದಿಲ್ಲ, ಪಲ್ಯಕ್ಕೆ ಉಪ್ಪು ಸಾಲದು ಅಂತ ಬೆರಳಿಟ್ಟು ತೋರಿಸುತ್ತಾರೆ. ಅದೇ ಜನ ಹಾಡಿನ ವಿಷಯಕ್ಕೆ ಬಂದರೆ ಇಷ್ಟ ಆಯ್ತು, ಆಗಲಿಲ್ಲ, ಅಷ್ಟೇ. ಯಾವ ಜಾಗದಲ್ಲಿ ಬೇಜಾರಾಯಿತು, ಏನು ಕೇಳಿ ಬೇಜಾರಾಯಿತು ಅನ್ನುವುದಿಲ್ಲ. ಇಷ್ಟಪಟ್ಟವರೂ ಹೇಳಿಲ್ಲ, ಬೈದವರೂ ಹೇಳಿಲ್ಲ. ಇವತ್ತು ನಾನು ಮಾಡಲು ಹೊರಟಿರುವುದು ಇಷ್ಟೇ: ಈ ದೂರುಗಳಲ್ಲಿ ಯಾವುದು ಹಾಡಿನ ಮೇಲಿನ ದೂರು, ಯಾವುದು ಹಾಡಿನ ಸುತ್ತ ಇರುವುದರ ಮೇಲಿನ ದೂರು ಅಂತ ಬೇರೆ ಮಾಡಿ ನೋಡುವುದು.

ಮೊದಲು ಈ ಜೋಡಿಯ ಪರಿಚಯ. ಕಳೆದ ಸಲ ತಡವಾಗಿ ಬಂದವರಿಗೆ ಇದು ಸಿಕ್ಕಿರಲಿಕ್ಕಿಲ್ಲ. ನಿಶ್ಚಯ್ ಪಾರೇಖ್ ಹಾಡು ಬರೆದು, ಹಾಡಿ, ಗಿಟಾರ್ ನುಡಿಸುವವರು. ಜೀವರಾಜ್ ಸಿಂಗ್ ಡ್ರಮ್ ನುಡಿಸುವವರು. ಇಬ್ಬರೂ ಕೋಲ್ಕತ್ತಾದವರು. ಜೀವರಾಜ್ ಅವರ ತಂದೆ ತಾಯಿ ಇಬ್ಬರೂ 'ಸ್ಕಿನ್ನಿ ಆಲಿ' ಅನ್ನುವ ಕೋಲ್ಕತ್ತಾದ ಬ್ಯಾಂಡಿನಲ್ಲಿದ್ದವರು. ಅಂದರೆ ಆ ಹುಡುಗ ಬೆಳೆದ ಮನೆಯಲ್ಲೇ ಬ್ಯಾಂಡ್ ಇತ್ತು.

ಈ ಆಲ್ಬಮ್‌ನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಅದು ಎರಡು ಸಲ ಹುಟ್ಟಿದ್ದು. 'ಓಷನ್' ಮೊದಲು ಬಂದದ್ದು 2013ರಲ್ಲಿ, ನಿಶ್ಚಯ್ ಒಬ್ಬರ ಹೆಸರಿನಲ್ಲಿ. ಆಗ ಅದನ್ನು ಕೇಳಿದವರು ಇಂಡಿ ಸಂಗೀತದ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡುವ ಸಂಗೀತದ, ಬೆನ್ನು ಹತ್ತಿದ ಒಂದಷ್ಟು ಜನ. 2016ರಲ್ಲಿ ಲಂಡನ್ನಿನ ಪೀಸ್‌ಫ್ರಾಗ್ ಅನ್ನುವ ಕಂಪನಿ ಅದನ್ನು ಮತ್ತೆ ಹೊರತಂದಿತು. ಹೋಸೆ ಗೊನ್ಸಾಲೆಸ್ ಅನ್ನುವ ಸ್ವೀಡನ್ನಿನ ಗಿಟಾರ್ ಹಾಡುಗಾರನನ್ನು ಬ್ರಿಟನ್ನಿನ ಕೇಳುಗರಿಗೆ ಮುಟ್ಟಿಸಿದ್ದೂ ಇದೇ ಕಂಪನಿ. ಮೆಲುದನಿಯ ಸಂಗೀತದ ಮಾರುಕಟ್ಟೆ ಅವರಿಗೆ ಗೊತ್ತಿತ್ತು. ಈ ಸಲ ಹೆಸರು ಪಾರೇಖ್ ಅಂಡ್ ಸಿಂಗ್ ಆಯಿತು. ಜೊತೆಗೆ ವಿಡಿಯೊಗಳು ಬಂದವು. ತಿಳಿ ಗುಲಾಬಿ, ತಿಳಿ ನೀಲಿ ಬಣ್ಣದ ಸೂಟು ಹಾಕಿಕೊಂಡು ಇಬ್ಬರೂ ಮುಖದಲ್ಲಿ ನಗು ಇಲ್ಲದೆ, ಚೌಕಟ್ಟಿನ ನಟ್ಟನಡುವೆ, ಅಳತೆ ಹಿಡಿದು ನಿಲ್ಲಿಸಿದ ಹಾಗೆ ನಿಂತಿರುತ್ತಾರೆ. ಅಮೆರಿಕದ ನಿರ್ದೇಶಕ ವೆಸ್ ಆಂಡರ್ಸನ್ ಅವರ ಸಿನಿಮಾಗಳ ಥರಾ ಇದೆ ಅಂತ ಬರೆಯದ ಪತ್ರಿಕೆಯೇ ಇಲ್ಲವೇನೋ ಅನ್ನುವಷ್ಟು ಜನ ಬರೆದರು. 'ಐ ಲವ್ ಯು ಬೇಬಿ, ಐ ಲವ್ ಯು ಡಾಲ್' ಹಾಡನ್ನು ಜನ ಕೇಳಿದ್ದಕ್ಕಿಂತ ನೋಡಿದ್ದೇ ಜಾಸ್ತಿ ಅನ್ನುವುದು ನನ್ನ ಗುಮಾನಿ.

ಈಗ ಯೋಚಿಸಿ. ಮೂರು ವರ್ಷ ಇದ್ದಲ್ಲೇ ಇದ್ದ ಹಾಡಿಗೆ ಸೂಟು ಹೊಲಿಸಿ, ಹೆಸರು ಬದಲಿಸಿ, ಹೊರದೇಶದ ಲೇಬಲ್ ಅಂಟಿಸಿದ ಕೂಡಲೇ ಎಲ್ಲರಿಗೂ ಅದರ ಬಗ್ಗೆ ಅಭಿಪ್ರಾಯ ಹುಟ್ಟಿಬಿಟ್ಟಿತು. ಹೊಗಳುವವರು 'ಇದು ಭಾರತದಿಂದ ಬಂದದ್ದಾ!' ಅಂತ ಬೆರಗಾದರು. ತೆಗಳುವವರು 'ಎಲ್ಲಾ ಶೋಕಿ' ಅಂದರು. ಎರಡೂ ಕಡೆಯವರು ಮಾತಾಡಿದ್ದು ಅದೇ ಸೂಟಿನ ಬಗ್ಗೆ. ನಮ್ಮ ಚೀಟಿಯ 'ಹುಡುಗರು ಚಂದ, ಹಾಡು ಸಪ್ಪೆ' ಅನ್ನುವುದೂ ಇದೇ ಜಾತಿಯದು. ಹಾಲಿನಲ್ಲಿ ನಾವು ವಿಡಿಯೊ ಹಾಕಿರಲೇ ಇಲ್ಲ. ಅವರು ಬರುವ ಮುಂಚೆಯೇ ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದಾರೆ ಅಂತಾಯ್ತು.

ಬಟ್ಟೆಗೂ ಹಾಡಿಗೂ ಸಂಬಂಧವೇ ಇಲ್ಲ ಅಂತ ನಾನು ವಾದಿಸುವುದಿಲ್ಲ. ಅದೇ ಕೋಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್‌ನಲ್ಲಿ ಉಷಾ ಉತುಪ್ ಕಾಂಜೀವರಂ ಸೀರೆ ಉಟ್ಟು, ದೊಡ್ಡ ಬೊಟ್ಟು ಇಟ್ಟು ಇಂಗ್ಲಿಷ್ ಹಾಡು ಹಾಡುತ್ತಿದ್ದರು. ನೈಟ್‌ಕ್ಲಬ್‌ನಲ್ಲಿ ಸೀರೆ! ಆ ಸೀರೆಯನ್ನು ನೋಡಿದವರು ಆ ದಪ್ಪ ದನಿಯನ್ನು ಮರೆಯಲಿಲ್ಲ. ನಮ್ಮ ಕಂಪನಿ ನಾಟಕಗಳಲ್ಲಂತೂ ಜರಿ ಅಂಗಿ, ಕಿರೀಟ, ಬಣ್ಣದ ಪರದೆ ಇಲ್ಲದೆ ಹಾಡೇ ಇರಲಿಲ್ಲ. ಆದರೆ ಅಲ್ಲಿ ಒಂದು ಪರೀಕ್ಷೆ ಇತ್ತು. ಈ ಊರಿನ ಚಿಂದೋಡಿ ಮನೆತನದ ಕಂಪನಿ ನಾಟಕ ನೋಡಿದ ಹಿರಿಯರು ಇಲ್ಲಿ ಇದ್ದೀರಿ, ನಿಮಗೆ ಗೊತ್ತು. ಹಾಡು ಹಿಡಿಸಿದರೆ 'ಒನ್ಸ್ ಮೋರ್' ಅಂತ ಕೂಗು. ನಾಟಕ ಅಲ್ಲೇ ನಿಲ್ಲಬೇಕು, ಸತ್ತು ಬಿದ್ದವನೂ ಎದ್ದು ಮತ್ತೆ ಹಾಡಬೇಕು. ಹಿಡಿಸದಿದ್ದರೆ ಅದೂ ಆಗಲೇ ಗೊತ್ತಾಗುತ್ತಿತ್ತು. ಕಿರೀಟ ಎಷ್ಟೇ ಮಿಂಚಲಿ, ಒನ್ಸ್ ಮೋರ್ ಬೀಳುತ್ತಿದ್ದದ್ದು ದನಿಗೆ.

ಇನ್ನು ಭಾಷೆಯ ದೂರು. ಚೀಟಿಗಳಲ್ಲಿ ಇದೇ ಜಾಸ್ತಿ. ಬಂಗಾಳದ ಹುಡುಗರು ಬಂಗಾಳಿಯಲ್ಲಿ ಹಾಡದೆ ಇಂಗ್ಲಿಷಿನಲ್ಲಿ ಯಾಕೆ ಹಾಡಬೇಕು ಅನ್ನುವ ಪ್ರಶ್ನೆ. ಕೇಳಲು ನ್ಯಾಯವಾಗಿದೆ. ಆದರೆ ಪಾರ್ಕ್ ಸ್ಟ್ರೀಟಿನಲ್ಲಿ ದಶಕಗಳಿಂದ ಇಂಗ್ಲಿಷ್ ಹಾಡು ನಡೆದುಕೊಂಡು ಬಂದಿದೆ. ಅಲ್ಲಿನ ಹೋಟೆಲುಗಳಲ್ಲಿ ಬ್ಯಾಂಡು ಕಟ್ಟಿ ಹೊಟ್ಟೆ ಹೊರೆದುಕೊಂಡವರ ಸಾಲೇ ಇದೆ. ಬ್ಯಾಂಡಿನವರ ಮಗನಾಗಿ ಬೆಳೆದವನಿಗೆ ಆ ಹಾಡು ಪರದೇಶದ್ದಲ್ಲ, ಅಡುಗೆಮನೆಯದು. ಇನ್ನು 'ಫಾರಿನ್ ಕಾಪಿ' ಅನ್ನುವ ಆರೋಪ. ನಮ್ಮ ವೃತ್ತಿ ರಂಗಭೂಮಿಯ ಹಾಡುಗಳಲ್ಲಿ ಎಷ್ಟು ಮಟ್ಟುಗಳು ಪಾರ್ಸಿ ಕಂಪನಿಗಳಿಂದ, ಮರಾಠಿ ನಾಟ್ಯಸಂಗೀತದಿಂದ ಬಂದವು ಅಂತ ಲೆಕ್ಕ ಹಾಕಲು ಕೂತರೆ ಈ ಸಂಜೆ ಸಾಲುವುದಿಲ್ಲ. ತಂದದ್ದು ತಪ್ಪಲ್ಲ, ತಂದು ಏನು ಮಾಡಿದರು ಅನ್ನುವುದು ಮುಖ್ಯ.

ಆದರೂ ಆ ದೂರನ್ನು ಪೂರ್ತಿ ಎಸೆಯಲು ನನಗೆ ಮನಸ್ಸಿಲ್ಲ. ಅದರ ಹಿಂದೆ ಇನ್ನೊಂದು ಮಾತಿದೆ. ಸುಗಮ ಸಂಗೀತ ಕಲಿಸುವ ಮೇಡಂ ಒಬ್ಬರು ಇಲ್ಲಿ ಮುಂದಿನ ಸಾಲಿನಲ್ಲಿದ್ದಾರೆ. ಅವರು ಕಳೆದ ಸಲ ಎದ್ದು ನಿಂತು ಹೇಳಿದ್ದು ಇದು: 'ಇಂಗ್ಲಿಷ್ ಅನ್ನೋದು ಕಷ್ಟ ಅಲ್ಲ. ಮಾತು ಬಾಯಿಂದ ಪೂರ್ತಿ ಹೊರಗೇ ಬರಲ್ಲ.' ನೋಡಿ, ಇದು ಹಾಡಿನ ಮೇಲಿನ ದೂರು. ವಚನ, ತತ್ವಪದ, ಭಾವಗೀತೆ ಕೇಳಿ ಬೆಳೆದ ನಮ್ಮ ಕಿವಿ ಮೊದಲು ಸಾಹಿತ್ಯಕ್ಕೆ ಕಾಯುತ್ತದೆ. ಅಕ್ಷರ ಸ್ಪಷ್ಟವಾಗಿ ಬಿದ್ದರೆ ಅರ್ಧ ಗೆದ್ದ ಹಾಗೆ. ಈ ಜೋಡಿಯ ಸಂಗೀತಕ್ಕೆ ಡ್ರೀಮ್ ಪಾಪ್ ಅನ್ನುತ್ತಾರೆ. ಆ ಬಗೆಯ ಸಂಗೀತದಲ್ಲಿ ದನಿ ಕೂಡ ಒಂದು ವಾದ್ಯ. ಅದನ್ನು ಗಿಟಾರು, ಕೀಬೋರ್ಡುಗಳ ಮೇಲೆ ಎತ್ತಿ ನಿಲ್ಲಿಸುವುದಿಲ್ಲ, ಅವುಗಳ ನಡುವೆ ನೆನೆಸಿಡುತ್ತಾರೆ. ಮೇಲೆ ರಿವರ್ಬ್ ಹಾಕುತ್ತಾರೆ, ಅಂದರೆ ದೊಡ್ಡ ಖಾಲಿ ಹಾಲಿನಲ್ಲಿ ಹಾಡಿದ ಹಾಗೆ ದನಿಯ ಬಾಲ ಉದ್ದವಾಗುತ್ತದೆ. ಬಾಲ ಉದ್ದವಾದಷ್ಟೂ ವ್ಯಂಜನ ಮಸುಕಾಗುತ್ತದೆ. ಮೇಡಂ ಅವರ ಕಿವಿ ಸರಿಯಾಗಿಯೇ ಹಿಡಿದಿದೆ. ಅದನ್ನು ಬೇಕಂತಲೇ ಮಾಡುತ್ತಾರೆ ಅಂತ ಗೊತ್ತಾದ ಮೇಲೂ ಇಷ್ಟವಾಗದೆ ಇರಬಹುದು. ಅದು ಅವರ ಹಕ್ಕು.

ನಮ್ಮಲ್ಲೂ ಇದೇ ಜಗಳ ನಡೆದಿದೆ, ಸ್ವಲ್ಪ ತಿರುಗಿಸಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಯ ಕ್ಯಾಸೆಟ್ ಯುಗ ಶುರುವಾದದ್ದೇ ಅಲ್ಲಿಂದ. ಮನೆಮನೆಗೆ ಕವಿತೆ ಹೋಯಿತು ಅಂತ ಕುಣಿದವರು ಇದ್ದರು. ರಾಗ ಹಾಕಿದರೆ ಕವಿತೆ ಕೆಡುತ್ತದೆ, ಓದಬೇಕಾದದ್ದನ್ನು ಗುನುಗಿ ಬಿಡುತ್ತಾರೆ ಅನ್ನುವವರು ಇವತ್ತಿಗೂ ಇದ್ದಾರೆ. ಆಮೇಲೆ 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಪದಗಳು ಗಿಟಾರಿನ ಜೊತೆ ಬಂದಾಗಲೂ ನಮ್ಮ ಹಾಸ್ಟೆಲ್ಲುಗಳಲ್ಲಿ ಕುಣಿದರು, ನಮ್ಮ ಮನೆಗಳಲ್ಲಿ ಹಿರಿಯರು ಮೂಗು ಮುರಿದರು. ಈಗ ಅದೇ ಹಿರಿಯರು ಮದುವೆ ಮನೆಯಲ್ಲಿ ಆ ಹಾಡಿಗೆ ಕೈತಟ್ಟುತ್ತಾರೆ. ಸುಮ್ನೆ ಹೇಳಿದೆ.

ಈಗ ಬರೋಣ ಅಸಲಿ ದೂರಿಗೆ. 'ಎಲ್ಲಾ ಹಾಡೂ ಒಂದೇ ಥರ.' ಇದನ್ನು ಬರೆದವರು ಒಬ್ಬರಲ್ಲ. ಇಷ್ಟಪಟ್ಟವರ ಚೀಟಿಯಲ್ಲೂ ಇದೇ ಮಾತು ಹೊಗಳಿಕೆಯ ವೇಷದಲ್ಲಿ ಬಂದಿದೆ: 'ಒಂದೇ ಮೂಡ್ ಕೊನೇ ತನಕ ಉಳಿಯುತ್ತೆ.' ಒಂದೇ ಸಂಗತಿ, ಒಬ್ಬರಿಗೆ ಗುಣ, ಒಬ್ಬರಿಗೆ ದೋಷ. ಹಾಗಾಗಿ ಇದನ್ನು ಹತ್ತಿರದಿಂದ ನೋಡಲೇಬೇಕು. ಒಂದು ಪ್ರಯೋಗ ಮಾಡೋಣ.

(ಇಲ್ಲಿ ಮೊದಲ ಹಾಡನ್ನು ಮೊಬೈಲಿನಲ್ಲಿ ಹಾಕಿ, ಮೊಬೈಲನ್ನು ಮೈಕಿನ ಹತ್ತಿರ ಹಿಡಿದೆ. ಆಮೇಲೆ ಅದೇ ತುಣುಕನ್ನು ಬಾಡಿಗೆಗೆ ತಂದ ದೊಡ್ಡ ಸ್ಪೀಕರಿನಲ್ಲಿ ಹಾಕಿದೆವು.)

ಏನು ವ್ಯತ್ಯಾಸ ಆಯ್ತು, ಹೇಳಿ. ಹೌದು, ಮೊದಲ ಸಲ ಡ್ರಮ್ ಎಲ್ಲಿ ಹೋಯಿತು? ಟಕ್ ಟಕ್ ಅನ್ನುವ ಮೇಲಿನ ಸದ್ದು ಮಾತ್ರ ಉಳಿಯಿತು. ಅಡಿಯ ಗುಂ ಅನ್ನುವುದು ಮಾಯ. ಮೊಬೈಲಿನ ಸ್ಪೀಕರ್ ಉಗುರಿನಷ್ಟು. ಕೆಳಗಿನ ಸ್ವರಕ್ಕೆ ಗಾಳಿಯನ್ನು ಜಾಸ್ತಿ ತಳ್ಳಬೇಕು, ಅದಕ್ಕೆ ಸ್ಪೀಕರಿನೊಳಗೆ ಅದುರುವ ಪರದೆ ದೊಡ್ಡದಿರಬೇಕು. ಹಾಗಾಗಿ ಕೆಳಗಿನದೆಲ್ಲ ಸೋರಿಹೋಗಿ ದನಿ, ಗಿಟಾರು ಮಾತ್ರ ಕೇಳುತ್ತವೆ. ಸಿನಿಮಾದ ಕುಣಿತದ ಹಾಡಿಗೆ ಇದರಿಂದ ಅಷ್ಟು ನಷ್ಟ ಇಲ್ಲ, ಅಲ್ಲಿ ದನಿ ಕೂಗಿಯೇ ಕೂಗುತ್ತದೆ. ಈ ಜೋಡಿಗೆ ಮಾತ್ರ ದೊಡ್ಡ ಪೆಟ್ಟು. ನಿಶ್ಚಯ್ ಅವರ ದನಿ ಆಲ್ಬಮ್ ಉದ್ದಕ್ಕೂ ಮೆಲ್ಲಗೇ ಇರುತ್ತದೆ, ಸಿಟ್ಟಿಗೂ ಏರುವುದಿಲ್ಲ, ಅಳುವಿಗೂ ಇಳಿಯುವುದಿಲ್ಲ. ಹಾಡಿನಿಂದ ಹಾಡಿಗೆ ಬದಲಾಗುವುದು ಜೀವರಾಜ್ ಕೈ. ಬದಲಾವಣೆ ಇರುವ ಅರ್ಧವನ್ನೇ ಮೊಬೈಲ್ ನುಂಗಿಬಿಟ್ಟರೆ ಉಳಿಯುವುದು ಜೋಗುಳ.

ನಮ್ಮಲ್ಲಿ ಭಜನೆ ಮಂಡಳಿಗೆ ತಬಲಾ ನುಡಿಸುವ ಅಣ್ಣಾರೊಬ್ಬರಿದ್ದಾರೆ. ಅವರ ಚೀಟಿ ಉದ್ದವಾಗಿತ್ತು, ಹಾಗಾಗಿ ಯಾರದ್ದು ಅಂತ ಗೊತ್ತಾಗಿಹೋಯಿತು. 'ಡ್ರಮ್ಮಿನ ಹುಡುಗ ಬಿಡೋ ಕಡೆ ಬಿಡ್ತಾನೆ. ಸಮ ಬರುತ್ತೆ ಅಂತ ಕಾಯ್ತಾ ಇರ್ತೀವಿ, ಅವನು ಅಲ್ಲಿ ಸುಮ್ನಿರ್ತಾನೆ. ಕೈ ತಡೆಯೋದು ಬಾರಿಸೋದಕ್ಕಿಂತ ಕಷ್ಟ' ಅಂತ ಬರೆದಿದ್ದಾರೆ. ಸಮ ಅಂದರೆ ತಾಳದ ಸುತ್ತು ಶುರುವಾಗುವ ಮೊದಲ ಪೆಟ್ಟು. ನನ್ನ ಮಟ್ಟಿಗೆ ಬಂದ ಚೀಟಿಗಳಲ್ಲೆಲ್ಲ ಇದೇ ಬೆಸ್ಟ್. ಅವರಿಗೆ ಹಾಡಿನ ಅರ್ಥ ಗೊತ್ತಿಲ್ಲ, ವಿಡಿಯೊ ನೋಡಿಲ್ಲ, ಲಂಡನ್ ಲೇಬಲ್ ಕಟ್ಟಿಕೊಂಡು ಅವರಿಗೇನಾಗಬೇಕು? ಕೈ ಎಲ್ಲಿ ನಿಂತಿತು ಅಂತ ಕೇಳಿಸಿಕೊಂಡಿದ್ದಾರೆ. ಅದೇ ಅಣ್ಣಾರು ಕೊನೆಯಲ್ಲಿ ಸೇರಿಸಿದ್ದು: 'ನಡುವಿನ ಹಾಡುಗಳಲ್ಲಿ ಮಾತ್ರ ಇಬ್ಬರೂ ತಡೆದುಕೊಂಡು ಕೂತಿದ್ದಾರೆ. ಒಬ್ಬನಾದ್ರೂ ಕೈ ಬಿಚ್ಚಬೇಕಿತ್ತು.'

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. 'ಪಾಂಡಾ' ಹಾಡಿನಲ್ಲಿ ಒಂಥರಾ ಚೇಷ್ಟೆ ಇದೆ, 'ಘೋಸ್ಟ್' ನನಗೆ ರಾತ್ರಿ ಹೊತ್ತು ಬಹಳ ಹಿಡಿಸುತ್ತದೆ. ಆದರೆ ಇಡೀ ಆಲ್ಬಮ್ ಒಟ್ಟಿಗೆ ಕೇಳಿದಾಗ ನಡುವೆ ಎಲ್ಲೋ ನೆಲ ಸಮತಟ್ಟಾಗುತ್ತದೆ. ಎಲ್ಲರ ಬಾಯಲ್ಲೂ ಇರುವ ಹಾಡನ್ನು ಕೇಳಿ ಒಳಗೆ ಬಂದವರು ಅಂಥದ್ದೇ ಇನ್ನೊಂದಕ್ಕೆ ಹುಡುಕುತ್ತಾ ಹೋಗುತ್ತಾರೆ. ಸಾಹಿತ್ಯವೂ ತೆಳು. ಪ್ರೀತಿ, ನೆನಪು, ಒಂದಿಷ್ಟು ತಮಾಷೆ, ಅದಕ್ಕಿಂತ ಆಳಕ್ಕೆ ಹೋಗುವ ಉಸಾಬರಿ ಇಲ್ಲ. ಮೊದಲ ಸಲ 'ಓಷನ್' ಹೊರಬಂದಾಗ ನಿಶ್ಚಯ್ ಇನ್ನೂ ಚಿಕ್ಕ ಹುಡುಗ ಅನ್ನುವುದು ನೆನಪಿರಲಿ. ಅದು ರಿಯಾಯಿತಿ ಕೊಡಲು ಹೇಳಿದ್ದಲ್ಲ. ಆ ವಯಸ್ಸಿನವರು ಸಾಮಾನ್ಯವಾಗಿ ಮಾಡುವ ತಪ್ಪು ಜಾಸ್ತಿ ಬಡಿಯುವುದು, ಜಾಸ್ತಿ ಕೂಗುವುದು. ಇವರು ಉಲ್ಟಾ ತಪ್ಪು ಮಾಡಿದ್ದಾರೆ.

ಇನ್ನೊಂದು ಚೀಟಿ ಇದೆ, ಇಂಜಿನಿಯರಿಂಗ್ ಓದುವ ಹುಡುಗನದ್ದು. ಅವನೇ ಹೇಳಿಕೊಂಡಿದ್ದಾನೆ: 'ಮನೇಲಿ ಟ್ರೈ ಮಾಡಿದ್ದೆ, ಎರಡನೇ ಹಾಡಿಗೇ ಸ್ಕಿಪ್ ಮಾಡಿದ್ದೆ. ಇಲ್ಲಿ ಸ್ಕಿಪ್ ಬಟನ್ ಇರಲಿಲ್ಲ. ಕೊನೆ ಹೊತ್ತಿಗೆ ಇಷ್ಟ ಆಯ್ತು.' ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ ಅಂತ ಲೆಕ್ಕ. ಹಾಡು ಮಾಡುವವರಿಗೂ ಅದು ಗೊತ್ತು, ಕೇಳುವ ನಮ್ಮ ಬೆರಳಿಗೂ ಅದೇ ಅಭ್ಯಾಸ ಆಗಿದೆ. ಆಲ್ಬಮ್ ಅನ್ನುವ ರೂಪ ಹುಟ್ಟಿದ್ದು ಬೇರೆ ಕಾಲಕ್ಕೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ತಟ್ಟೆ ತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಹಾಡು ಹಿಡಿಯಿತು. ಅದಕ್ಕೂ ಮುಂಚಿನ ತಟ್ಟೆಗಳಲ್ಲಿ ಮೂರ್ನಾಲ್ಕು ನಿಮಿಷಕ್ಕೇ ಮುಳ್ಳು ಎತ್ತಬೇಕಿತ್ತು. ಇಪ್ಪತ್ತು ನಿಮಿಷ ಅಂದಾಗ ಯಾವ ಹಾಡು ಮೊದಲು, ಯಾವುದು ಆಮೇಲೆ, ಬದಿ ತಿರುಗಿಸುವ ಮುಂಚೆ ಯಾವುದು ಅಂತ ಯೋಚಿಸುವ ಕೆಲಸ ಶುರುವಾಯಿತು. ಕ್ಯಾಸೆಟ್ಟಿಗೂ ಎ ಸೈಡ್, ಬಿ ಸೈಡ್ ಇತ್ತಲ್ಲ. ಬೇಡದ ಹಾಡು ಬಂದರೆ ಫಾರ್ವರ್ಡ್ ಒತ್ತಿ, ಅದು ಎಲ್ಲೋ ಮುಂದೆ ಹೋಗಿ ನಿಂತು, ಮತ್ತೆ ಹಿಂದಕ್ಕೆ ತಂದು... ಅಷ್ಟು ರಗಳೆ ಬೇಡ ಅಂತಲೇ ಪೂರ್ತಿ ಕೇಳುತ್ತಿದ್ದೆವು. ನಮ್ಮ ಸೋಮಾರಿತನದಿಂದ ಎಷ್ಟೋ ಹಾಡುಗಳು ಬದುಕಿದವು!

ಹಾಗಂತ ಇಡೀ ಆಲ್ಬಮ್ ಕೇಳಿದವರಿಗೆ ಮಾತ್ರ ಮಾತಾಡುವ ಹಕ್ಕು ಅಂತ ನಾನು ಹೇಳಲಾರೆ. ದುಡಿದು ಬಂದವರಿಗೆ ಬಸ್ಸಿನಲ್ಲಿ ಸಿಗುವುದೇ ಹತ್ತು ನಿಮಿಷ. ಅದರಲ್ಲಿ ಹಿಡಿಸದ ಹಾಡನ್ನು ದಾಟಿಸಿದರೆ ತಪ್ಪೇನು? 'ಎರಡು ಹಾಡು ಕೇಳಿದೆ, ಮೊಬೈಲಿನಲ್ಲಿ ಕೇಳಿದೆ, ಹಿಡಿಸಲಿಲ್ಲ' ಅಂತ ಹೇಳಿದರೆ ನನಗೆ ಅದು ಪಕ್ಕಾ ಅಭಿಪ್ರಾಯವೇ. 'ಡಬ್ಬಾ ಆಲ್ಬಮ್' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 'ಮಾಸ್ಟರ್‌ಪೀಸ್' ಅಂದರೂ ಅಷ್ಟೇ.

ಮಾತು ಮುಗಿಸಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಹಿಂದಿನ ಸಾಲಿನಿಂದ ಇಬ್ಬರು ಹುಡುಗಿಯರು ಎದ್ದರು. ಕಾಲೇಜಿನವರು, ಲ್ಯಾಪ್‌ಟಾಪಿನಲ್ಲಿ ಹಾಡು ಮಾಡುತ್ತಾರಂತೆ, ಕನ್ನಡದಲ್ಲೇ. 'ಸರ್, ನಮ್ಮದು ಇನ್ನೂ ಹೊರಗೆ ಬಿಟ್ಟಿಲ್ಲ. ಮೊದಲು ಯಾರಿಗೆ ಕೇಳಿಸಬೇಕು?' ನಾನು ಹೇಳಿದೆ: ಅಮ್ಮನಿಗೆ ಬೇಡ ಕಣಮ್ಮಾ, ಜೀವದ ಗೆಳತಿಗೂ ಬೇಡ. ಅವರಿಬ್ಬರೂ ಚೆನ್ನಾಗಿದೆ ಅಂತಾರೆ. ನಮ್ಮ ತಬಲಾ ಅಣ್ಣಾರಿಗೆ ಕೇಳಿಸಿ, ಎಲ್ಲಿ ಬೇಜಾರಾಯಿತೋ ಅಲ್ಲಿ ಕೈ ಎತ್ತಿ ಅಂತ ಹೇಳಿ. ಕೈ ಎತ್ತಿದ ನಿಮಿಷ ಬರೆದುಕೊಳ್ಳಿ. ಹೆಡ್‌ಫೋನಿನಲ್ಲಿ ಮಾಡಿದ ಮಿಕ್ಸನ್ನು ಆಟೋದ ಸ್ಪೀಕರಿನಲ್ಲೂ ಒಮ್ಮೆ ಹಾಕಿ ನೋಡಿ, ಎಷ್ಟು ಉಳಿಯುತ್ತೆ ಅಂತ ಗೊತ್ತಾಗುತ್ತೆ. ಅಣ್ಣಾರು ಅಲ್ಲಿಂದಲೇ 'ಬರ್ರಿ, ಭಾನುವಾರ ಫ್ರೀ ಇರ್ತೀನಿ' ಅಂದರು.

ಇನ್ನೊಂದು ಪ್ರಶ್ನೆ ಹಿರಿಯರೊಬ್ಬರದ್ದು. ಹತ್ತಿ ಮಿಲ್ಲಿನಲ್ಲಿದ್ದು ನಿವೃತ್ತರಾದವರು. 'ಇಷ್ಟೆಲ್ಲಾ ಬೈಸಿಕೊಂಡ ಮೇಲೆ ಆ ಹುಡುಗರು ಏನಾದ್ರೂ ಬದಲಾದ್ರೇನ್ರಿ?' ಎರಡನೇ ಆಲ್ಬಮ್ 'ಸೈನ್ಸ್ ಸಿಟಿ' 2019ರಲ್ಲಿ ಬಂತು, ಅದೇ ಪೀಸ್‌ಫ್ರಾಗ್‌ನಿಂದ. ಸೂಟು ಬಿಟ್ಟಿಲ್ಲ, ಇಂಗ್ಲಿಷೂ ಬಿಟ್ಟಿಲ್ಲ. ದನಿಯೂ ಅದೇ ಮೆಲುದನಿ. ನಡುವಿನ ಹಾಡುಗಳಲ್ಲಿ ಯಾರಾದರೂ ಕೈ ಬಿಚ್ಚಿದ್ದಾರಾ ಅನ್ನುವುದನ್ನು ಮುಂದಿನ ತಿಂಗಳು ಇಲ್ಲೇ ಕೂತು ಕೇಳೋಣ ಅಂದೆ. ಹೋದ ಸಲದ ಸ್ಪೀಕರ್ ಬಾಡಿಗೆ ಇನ್ನೂ ಪೂರ್ತಿ ಕೊಟ್ಟಿಲ್ಲ. ಬರುವವರು ಬಾಗಿಲಲ್ಲಿಟ್ಟಿರುವ ಡಬ್ಬಿಗೆ ಕೈಲಾದಷ್ಟು ಹಾಕಿ ಒಳಗೆ ಬನ್ನಿ.